ನಮ್ಮ ತಾಯಿಯವರ ಎರಡನೆಯ ಅಕ್ಷರಾಭ್ಯಾಸ

ಅಕ್ಷರಾಭ್ಯಾಸವೆಂಬುದು ಐದನೆಯ ವರ್ಷದಲ್ಲಿ ನಡೆಯತಕ್ಕ ಶುಭಕಾರ್ಯವೆಂದು ನಾವೆಲ್ಲರೂ ಬಲ್ಲೆವು. ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ, ಮಗುವಿನ ಬೆರಳನ್ನು ಹಿಡಿದು, ಅದರಲ್ಲಿ ಓಂಕಾರವನ್ನು ಬರೆಯಿಸುವುದು ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ. ನಮ್ಮ ತಾಯಿಯವರಿಗೆ ಈ ಕಾರ್ಯವು ಎರಡು ಸಲ ಆಯಿತು. ಮೊದಲನೆಯದು ೧೯೪೯ರಲ್ಲಿ, ನಂಜನಗೂಡಿನ ಬಳಿಯ ಹಳ್ಳಿಯಲ್ಲಿ, ಅವರ ತಂದೆಯ ತೊಡೆಯ ಮೇಲೆ. ಎರಡನೆಯದು ೨೦೧೪ರಲ್ಲಿ, ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಮುಂದೆ, ಅವರ ಎಪ್ಪತ್ತನೆಯ ವಯಸ್ಸಿನಲ್ಲಿ. ಆ ದಿನ ಅಕ್ಕಿ ಇರಲಿಲ್ಲ; ಉಬ್ಬಿದ ಚುಕ್ಕೆಗಳುಳ್ಳ ಒಂದು ದಪ್ಪ ಕಾಗದವಿತ್ತು. ಬೆರಳನ್ನು ಹಿಡಿದ ಗುರುವಿಗೆ ಇಪ್ಪತ್ತೊಂಬತ್ತು ವರ್ಷ. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ.

ತಾಯಿಯವರ ದೃಷ್ಟಿ ಒಂದೇ ದಿನದಲ್ಲಿ ಹೋದದ್ದಲ್ಲ. ೨೦೧೦ರ ಸುಮಾರಿಗೆ ಅವರು ಹೊಸ್ತಿಲನ್ನು ಎಡವತೊಡಗಿದರು. ಪಕ್ಕದಲ್ಲಿಟ್ಟ ನೀರಿನ ಚೊಂಬು ಕೈ ತಗುಲಿ ಉರುಳುತ್ತಿತ್ತು. “ನೋಡಿಕೊಂಡು ನಡೆಯಬಾರದೇನಮ್ಮ?” ಎಂದು ನಾನು ಗದರಿದ್ದುಂಟು. ಎದುರಿಗೆ ಹಿಡಿದ ಜೈಮಿನಿ ಭಾರತವನ್ನು ಸರಾಗವಾಗಿ ಓದುವವರಿಗೆ ಪಕ್ಕದ ಚೊಂಬು ಕಾಣದೆಂದರೆ ಯಾರು ನಂಬಿಯಾರು? ಗ್ಲಾಕೋಮವೆಂಬ ರೋಗದ ಕಳ್ಳತನವಿರುವುದೇ ಇಲ್ಲಿ. ಕಣ್ಣಿನೊಳಗಿನ ಒತ್ತಡವು ಸಾಮಾನ್ಯವಾಗಿ ಏರಿ, ನೋಟವನ್ನು ಮಿದುಳಿಗೆ ಒಯ್ಯುವ ನರವು ನೋವಿಲ್ಲದೆ ಸವೆಯುತ್ತದೆ. ಮೊದಲು ಅಂಚಿನ ನೋಟ ಹೋಗುತ್ತದೆ, ನಡುವಿನದು ಕಡೆಗೆ. ಹೋದದ್ದು ಹಿಂದಿರುಗುವುದಿಲ್ಲ. ಬೇಗನೆ ಗೊತ್ತಾದರೆ ಮಾತ್ರ ಹನಿ ಔಷಧದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಇದು ವಂಶದಲ್ಲಿ ಇಳಿದು ಬರುವುದುಂಟು. ಆದಕಾರಣ ಈಗ ನಾನೂ ನನ್ನ ತಂಗಿಯೂ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡವನ್ನು ಅಳೆಯಿಸಿಕೊಳ್ಳುತ್ತೇವೆ. ವಾಚಕರಲ್ಲಿ ನಲವತ್ತು ದಾಟಿದವರು ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿದ್ದೇ ಪರೀಕ್ಷೆಯೆಂದು ತೃಪ್ತರಾಗಬಾರದು. ನಾವು ಹಾಗೆ ತೃಪ್ತರಾಗಿದ್ದೆವು. ಕಣ್ಣಿನ ವೈದ್ಯರನ್ನು ಕಾಣುವಷ್ಟರಲ್ಲಿ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ಕಿಂಡಿಯಷ್ಟು ಬೆಳಕು ಉಳಿದಿತ್ತು. ೨೦೧೩ರ ಯುಗಾದಿಯ ಹೊತ್ತಿಗೆ ಅದೂ ಆರಿತು.

ಆಮೇಲೆ ನಾವು ತಾಯಿಯವರನ್ನು ಬಹಳ ಚೆನ್ನಾಗಿ ನೋಡಿಕೊಂಡೆವು. ಈ ಮಾತನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ. ಬೆಳಿಗ್ಗೆ ನನ್ನ ಹೆಂಡತಿ ಅವರ ಮುಖ ತೊಳೆಯಿಸುವಳು. ಕಾಫಿಯ ಲೋಟವನ್ನು ಕೈಗಿಡುವಳು, ಬರಿದಾದೊಡನೆ ತೆಗೆದುಕೊಳ್ಳುವಳು. ಊಟಕ್ಕೆ ಅನ್ನವನ್ನು ಕಲಸಿ ಕೊಡುವಳು. ಎದ್ದರೆ ಯಾರಾದರೊಬ್ಬರು ತೋಳನ್ನು ಹಿಡಿದುಕೊಳ್ಳುವರು. ಐವತ್ತು ವರ್ಷ ಒಂದು ಸಂಸಾರಕ್ಕೆ ಅಡಿಗೆ ಮಾಡಿದವರು ಒಂದು ದಿನ ಯಾರೂ ಇಲ್ಲದ ಹೊತ್ತಿನಲ್ಲಿ ಅಡಿಗೆಯ ಮನೆಗೆ ಹೋಗಿ ಒಲೆ ಹಚ್ಚಿದರು. ಬಾಣಲೆಯ ಅಂಚು ತಗುಲಿ ಅಂಗೈ ಸುಟ್ಟಿತು. ನಾನು ಕಚೇರಿಯಿಂದ ಬಂದವನು ಮದ್ದು ಹಚ್ಚುತ್ತಲೇ ಕೂಗಾಡಿ, ಗ್ಯಾಸಿನ ಕೀಲಿಯನ್ನು ನಾವಿಲ್ಲದಾಗ ಮುಚ್ಚಿಡಬೇಕೆಂದು ಹೇಳಿದೆನು. ತಾಯಿಯವರು ಏನನ್ನೂ ಅನ್ನಲಿಲ್ಲ. ಅಂದಿನಿಂದ ಏಳೆಂಟು ತಿಂಗಳು ಅವರು ಏನನ್ನೂ ಕೇಳಲೂ ಇಲ್ಲ. ಕೂರಿಸಿದಲ್ಲಿ ಕುಳಿತರು. ಕುಮಾರವ್ಯಾಸನ ಷಟ್ಪದಿಗಳನ್ನು ರಾಗವಾಗಿ ಹೇಳುತ್ತಿದ್ದ ಬಾಯಿ ಮುಚ್ಚಿತು. ವಯಸ್ಸಾಯಿತು, ಮನಸ್ಸು ಶಾಂತವಾಗಿದೆ, ಎಂದು ನಾವು ಬಂದವರಿಗೆ ಹೇಳುತ್ತಿದ್ದೆವು.

ನಮ್ಮ ಮಹಡಿಯ ಮನೆಗೆ ಬಾಡಿಗೆಗೆ ಬಂದ ಮೇಷ್ಟ್ರು ಇದನ್ನು ಕೆಡಿಸಿದರು. ಅಂಧಮಕ್ಕಳಿಗೆ ಪಾಠ ಹೇಳುವುದು ಅವರ ಉದ್ಯೋಗ. ಮೊದಲ ದಿನ ಕೆಳಗೆ ಬಂದಾಗ, “ಅಮ್ಮನವರು ಕಾಫಿ ಕುಡಿಯುತ್ತಾರೋ?” ಎಂದು ಎಲ್ಲರೂ ನನ್ನನ್ನು ಕೇಳುವಂತೆ ಕೇಳದೆ, ತಾಯಿಯವರ ಕಡೆಗೇ ತಿರುಗಿ, “ಅಮ್ಮಾ, ನಿಮಗೆ ಕಾಫಿ ಬೆರೆಸುವುದಕ್ಕೆ ಬರುತ್ತದೆಯೋ, ನಾನು ತೋರಿಸಲೋ?” ಎಂದರು. ತಾಯಿಯವರು ಬಹಳ ದಿನದ ಮೇಲೆ ಸಿಟ್ಟಾದರು. “ನಿಮ್ಮ ವಯಸ್ಸಿಗಿಂತ ಹೆಚ್ಚು ವರ್ಷ ಬೆರೆಸಿದ್ದೇನೆ, ಮೇಷ್ಟ್ರೇ!” “ಹಾಗಾದರೆ ನನಗೊಂದು ಲೋಟ ಆಗಲಿ.”

ನನಗೆ ಎದೆ ಹೊಡೆದುಕೊಂಡಿತು. ಮೇಷ್ಟ್ರು ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು ಮಾತಿನಲ್ಲೇ ದಾರಿ ತೋರಿಸಿದರು. ಒಲೆಯ ಮೇಲೆ ಪಾತ್ರೆಯನ್ನು ಸರಿಯಾಗಿ ಕೂರಿಸಿದ ಮೇಲೆಯೇ ಉರಿ ಹಚ್ಚುವುದು. ಹಾಲು ಉಕ್ಕುವ ಮುಂಚಿನ ಸದ್ದನ್ನು ಕೇಳುವುದು. ಲೋಟದ ಅಂಚಿನ ಒಳಗೆ ಬೆರಳ ತುದಿಯನ್ನಿಟ್ಟು ಸುರಿಯುವುದು. ಅಭ್ಯಾಸವಾದ ಮೇಲೆ ಬೆರಳೂ ಬೇಡ, ತುಂಬುತ್ತ ಬಂದಂತೆ ಲೋಟದ ಧ್ವನಿ ಏರುವುದರಿಂದಲೇ ತಿಳಿಯುತ್ತದೆ. ನೆಲದ ಮೇಲೆ ಅರ್ಧ ಲೋಟ ಚೆಲ್ಲಿತು. ಮೇಷ್ಟ್ರು ಉಳಿದರ್ಧವನ್ನು ಕುಡಿದು, ಸಕ್ಕರೆ ಕಡಮೆಯೆಂದರು. ಹೋಗುವಾಗ ನನ್ನನ್ನು ಹೊರಗೆ ಕರೆದು ಎರಡೇ ಮಾತು ಹೇಳಿದರು. ಒಂದು: ಉಪ್ಪಿನ ಮರಿಗೆ ಇಂದು ಎಲ್ಲಿದೆಯೋ ಎಂದೆಂದೂ ಅಲ್ಲಿಯೇ ಇರಬೇಕು. ಎರಡು: ತಾಯಿಯವರ ತೋಳನ್ನು ಹಿಡಿದು ಮುಂದಕ್ಕೆ ನೂಕಬೇಡಿ, ನಿಮ್ಮ ಮೊಣಕೈಯನ್ನು ಅವರು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರಲಿ, ಮೆಟ್ಟಿಲು ಬಂದದ್ದು ನಿಮ್ಮ ಮೈಯಿಂದಲೇ ಅವರಿಗೆ ಗೊತ್ತಾಗುತ್ತದೆ. ಎರಡನೆಯದನ್ನು ನಾನು ಒಂದು ವಾರದಲ್ಲಿ ಕಲಿತೆ. ಮೊದಲನೆಯದು ಇಂದಿಗೂ ಪೂರ್ತಿ ಬಂದಿಲ್ಲ.

ಬಿಳಿಯ ಕೋಲು ಮನೆಗೆ ಬಂದಾಗ ತಾಯಿಯವರು ಅದನ್ನು ಮುಟ್ಟಲಿಲ್ಲ. “ಬೀದಿಗೆಲ್ಲ ಡಂಗುರ ಸಾರಿದಂತೆ” ಎಂದರು. ಅದನ್ನು ಹಿಡಿಯಲು ಎರಡು ವರ್ಷವಾಯಿತು. ನಮ್ಮ ಕಾಲುದಾರಿಗಳನ್ನು ನೆನೆದರೆ ಹಿಡಿದೂ ಎಷ್ಟು ಪ್ರಯೋಜನವೋ ತಿಳಿಯದು. ಕೋಲಿನ ತುದಿಗೂ ಕಾಲಿಗೂ ತಿಳಿಯಲೆಂದು ಹಾಸಿದ ಹಳದಿಯ ಉಬ್ಬು ಕಲ್ಲುಗಳ ಸಾಲೊಂದು ನೇರವಾಗಿ ವಿದ್ಯುತ್ ಕಂಬಕ್ಕೆ ಹೋಗಿ ಮುಟ್ಟಿರುವುದನ್ನು ನಾನೇ ಕಂಡಿದ್ದೇನೆ.

ಅಕ್ಷರದ ವಿಚಾರಕ್ಕೆ ಬರುತ್ತೇನೆ. ಪ್ಯಾರಿಸಿನ ಹತ್ತಿರದ ಕೂವ್ರೇ ಎಂಬ ಊರಿನಲ್ಲಿ ಕುದುರೆಯ ಜೀನು ಹೊಲಿಯುವವನ ಮಗನಾಗಿ ೧೮೦೯ರಲ್ಲಿ ಹುಟ್ಟಿದ ಲೂಯಿ ಬ್ರೈಲ್ ಮೂರು ವರ್ಷದ ಮಗುವಾಗಿದ್ದಾಗ, ತಂದೆಯ ಅಂಗಡಿಯಲ್ಲಿ ಚರ್ಮಕ್ಕೆ ತೂತು ಹಾಕುವ ಮೊನೆಯಿಂದ ಕಣ್ಣನ್ನು ಚುಚ್ಚಿಕೊಂಡನು. ಕೀವು ಎರಡನೆಯ ಕಣ್ಣಿಗೂ ಹರಡಿತು. ಹತ್ತನೆಯ ವರ್ಷದಲ್ಲಿ ಅವನು ಸೇರಿದ ಪ್ಯಾರಿಸಿನ ಅಂಧಶಾಲೆಯಲ್ಲಿ, ಕಣ್ಣುಳ್ಳವರು ಓದುವ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿದ ದೊಡ್ಡ ಪುಸ್ತಕಗಳಿದ್ದವು. ಬೆರಳು ಗೆರೆಯ ತಿರುವುಗಳನ್ನು ಹಿಂಬಾಲಿಸುವಷ್ಟರಲ್ಲಿ ಮಾತಿನ ಅರ್ಥವೇ ತಪ್ಪಿಹೋಗುತ್ತಿತ್ತು. ಮೇಲಾಗಿ ಅದರಲ್ಲಿ ಓದಬಹುದೇ ಹೊರತು ಬರೆಯಲಾಗದು. ಬಾರ್ಬಿಯೇ ಎಂಬ ಸೈನ್ಯಾಧಿಕಾರಿಯು ಹನ್ನೆರಡು ಚುಕ್ಕೆಗಳ ಒಂದು ಲಿಪಿಯನ್ನು ಶಾಲೆಗೆ ತಂದನು. ಒಂದು ಗುರುತು ಬೆರಳ ತುದಿಗೆ ಮೀರಿ ಉದ್ದವಾಗುತ್ತಿತ್ತು. ಹದಿನೈದು ವರ್ಷದ ಬ್ರೈಲನು ಹನ್ನೆರಡನ್ನು ಆರಕ್ಕೆ ಇಳಿಸಿದನು: ನಿಂತ ಎರಡು ಸಾಲು, ಸಾಲಿಗೆ ಮೂರು ಚುಕ್ಕೆ, ಇಡೀ ಅಕ್ಷರ ಒಂದೇ ಸ್ಪರ್ಶಕ್ಕೆ ಸಿಕ್ಕಬೇಕು. ಈ ಆರರಿಂದ ಅರವತ್ತಮೂರು ಗುರುತುಗಳಾಗುತ್ತವೆ. ೧೮೨೯ರಲ್ಲಿ ಇದು ಅಚ್ಚಾಯಿತು. ಫ್ರಾನ್ಸಿನಲ್ಲಿ ಅಧಿಕೃತವಾಗಿ ಅಂಗೀಕಾರವಾದದ್ದು ೧೮೫೪ರಲ್ಲಿ. ಬ್ರೈಲನು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ನಮ್ಮ ದೇಶದಲ್ಲಿ ಮೊದಮೊದಲು ಪ್ರಾಂತಕ್ಕೊಂದು ಕ್ರಮವಿದ್ದಿತು. ೧೯೫೧ರಲ್ಲಿ ಭಾರತದ ಭಾಷೆಗಳಿಗೆಲ್ಲ ಒಂದೇ ಭಾರತಿ ಬ್ರೈಲ್ ಗೊತ್ತಾಯಿತು. ಇದರಲ್ಲಿ ಕನ್ನಡದ ಕಕಾರವೂ ಹಿಂದಿಯ ಕಕಾರವೂ ಒಂದೇ ರೂಪ. ಎಡಸಾಲಿನ ಮೇಲಿನ ಚುಕ್ಕೆ, ಕೆಳಗಿನ ಚುಕ್ಕೆ, ಇವೆರಡು ಸೇರಿ ಕ. ಅದಕ್ಕೆ ಬಲಸಾಲಿನ ಮೇಲಿನ ಚುಕ್ಕೆಯನ್ನು ಕೂಡಿಸಿದರೆ ಮ. ಎಡಸಾಲಿನ ಮೂರೂ ಇದ್ದರೆ ಲ. ತಾಯಿಯವರು ಮೊದಲ ದಿನ ಓದಿದ ಶಬ್ದ ‘ಕಮಲ’. ಮುಕ್ಕಾಲು ಗಂಟೆ ಹಿಡಿಯಿತು. “ಇದು ಚುಕ್ಕಿ ರಂಗವಲ್ಲಿ ಕಣೋ, ಗೆರೆ ಎಳೆಯುವುದನ್ನು ಮರೆತಿದ್ದಾರೆ” ಎಂದು ನಕ್ಕರು. ಒತ್ತಕ್ಷರ ಕೆಳಗಿಳಿಯದೆ, ಗುಣಿತ ಮೇಲೇರದೆ, ಎಲ್ಲವೂ ಒಂದೇ ಸಾಲಿನಲ್ಲಿ ಒಂದರ ಪಕ್ಕದಲ್ಲಿ ಒಂದು ಕೂರುವುದು ಅವರಿಗೆ ಬಹಳ ಹಿಡಿಸಿತು. ಬರೆಯುವುದು ಮಾತ್ರ ಕಷ್ಟವಾಯಿತು. ಕಿಂಡಿಗಳುಳ್ಳ ಚೌಕಟ್ಟಿನ ಕೆಳಗೆ ಕಾಗದವನ್ನು ಸಿಕ್ಕಿಸಿ, ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಿ, ಕಾಗದವನ್ನು ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಬಿಸಿ ಪಾತ್ರೆಗಳನ್ನು ಹಿಡಿದು ಹಿಡಿದು ಕಾಯಿಕಟ್ಟಿದ ಬೆರಳಿಗೆ ಚುಕ್ಕೆಗಳು ಚಿಕ್ಕ ಮಕ್ಕಳಿಗೆ ಸಿಕ್ಕುವಂತೆ ಸಿಕ್ಕುವುದಿಲ್ಲವೆಂದು ಮೇಷ್ಟ್ರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಎಡಗೈಯ ಕಿರುಬೆರಳಿನ ಪಕ್ಕದ ಬೆರಳು ಹೆಚ್ಚು ಮೃದುವಾಗಿದೆಯೆಂದು ತಾಯಿಯವರೇ ಕಂಡುಕೊಂಡು, ಅದರಿಂದ ಓದತೊಡಗಿದರು.

ನನ್ನ ಮಗನು ತನ್ನ ಅಜ್ಜಿಯ ಮೊಬೈಲಿಗೆ ಮಾತನಾಡುವುದನ್ನು ಕಲಿಸಿದ್ದನು. ಅದು ಕನ್ನಡವನ್ನು ಪರದೇಶಿಯಂತೆ ಓದಿದರೂ ಓದುತ್ತದೆ. ಹಾಗಿರುವಾಗ ಈ ವಯಸ್ಸಿನಲ್ಲಿ ಚುಕ್ಕೆಗಳ ಶ್ರಮವೇಕೆಂದು ನಾನು ಕೇಳಿದ್ದುಂಟು. ಮೇಷ್ಟ್ರ ಉತ್ತರ ಹೀಗಿತ್ತು: “ಕೇಳುವುದು ಬೇಡವೆನ್ನುವುದಿಲ್ಲ, ನಾನೂ ದಿನವೆಲ್ಲ ಕೇಳುತ್ತೇನೆ. ಆದರೆ ಕೇಳಿಯಷ್ಟೇ ಬೆಳೆದ ಹುಡುಗನಿಗೆ ‘ಶಾಲೆ’ಯ ಶ ಯಾವುದು, ‘ಸಾಲ’ದ ಸ ಯಾವುದು ಎಂಬುದು ತಿಳಿಯದು. ನಿಮ್ಮ ಮಗನಿಗೆ ಬರೀ ರೇಡಿಯೋ ಕೊಟ್ಟು ಪುಸ್ತಕ ಕಿತ್ತುಕೊಂಡರೆ ಓದು ಬಲ್ಲವನೆಂದು ಒಪ್ಪುತ್ತೀರಾ?” ನಾನು ಒಪ್ಪುವುದಿಲ್ಲ.

ಒಂದು ಸಂಜೆ ಮೇಷ್ಟ್ರು ಶಾಲೆಯಿಂದ ಬರುತ್ತ ಕೈಯಲ್ಲೊಂದು ಲೋಹದ ಹಲಗೆಯನ್ನು ತಂದಿದ್ದರು. ಅದರ ತುಂಬ ಎಂಟು ಮೂಲೆಯ ತೂತುಗಳು. ಜೊತೆಗೆ ಒಂದು ಡಬ್ಬಿ ಸೀಸದ ಚಿಕ್ಕ ಮೊಳೆಗಳು. ಮೊಳೆಯ ಒಂದು ತುದಿಯಲ್ಲಿ ಒಂದು ಏಣು, ಇನ್ನೊಂದರಲ್ಲಿ ಎರಡು ಮೊನೆ. ಏಣನ್ನು ಎಂಟು ದಿಕ್ಕುಗಳಿಗೆ ತಿರುಗಿಸಿ ನಿಲ್ಲಿಸಿದರೆ ಎಂಟು ಅಂಕೆಗಳಾಗುತ್ತವೆ. ಉಳಿದ ಅಂಕೆಗಳೂ ಲೆಕ್ಕದ ಗುರುತುಗಳೂ ಮತ್ತೊಂದು ತುದಿಯಿಂದ. ಟೇಲರ್ ಚೌಕಟ್ಟು ಎಂದು ಅದರ ಹೆಸರು. ಬೆರಳಿನಿಂದ ಮುಟ್ಟುತ್ತ ಕೂಡಬಹುದು, ಕಳೆಯಬಹುದು, ದಶಕ ಹಿಡಿಯಬಹುದು. ತಾಯಿಯವರು ಅದನ್ನು ಬಹಳ ಹೊತ್ತು ಸವರಿದರು. ಇದು ಹಳೆಯ ಕಾಲದಿಂದ ಇದೆಯೋ ಎಂದು ಕೇಳಿದರು. ನೂರು ವರ್ಷಕ್ಕಿಂತ ಹೆಚ್ಚಿನದೆಂದು ಮೇಷ್ಟ್ರು ಹೇಳಿದರು. “ಇದು ನನ್ನ ತಮ್ಮನಿಗೆ ಬೇಕಾಗಿತ್ತು” ಎಂದು ತಾಯಿಯವರು ಹಲಗೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ಆ ರಾತ್ರಿ ಊಟ ಮಾಡಲಿಲ್ಲ.

ನನ್ನ ಸೋದರಮಾವನಿಗೆ ೧೯೫೨ರಲ್ಲಿ, ನಾಲ್ಕು ವರ್ಷದ ಮಗುವಾಗಿದ್ದಾಗ, ಸಿಡುಬು ಬಂದು ಎರಡು ಕಣ್ಣುಗಳೂ ಹೋದವು. ಆ ರೋಗ ಈಗ ಇಲ್ಲ. ನಮ್ಮ ದೇಶದಲ್ಲಿ ಅದರ ಕಡೆಯ ಕಾಣಿಕೆ ೧೯೭೫ರಲ್ಲಿ. ಆದರೆ ಅದು ಬಿಟ್ಟುಹೋದ ಕುರುಡು ಮಕ್ಕಳು ಆಗ ಹಳ್ಳಿಹಳ್ಳಿಯಲ್ಲೂ ಇದ್ದರು. ನಮ್ಮ ಮಾವನ ಸ್ಥಳ ಜಗಲಿಯ ಬಲಗಡೆಯ ಕಂಬದ ಪಕ್ಕ. ನಾನು ರಜಕ್ಕೆ ಹೋದಾಗಲೆಲ್ಲ ಅಲ್ಲಿಯೇ ಇದ್ದರು. ಹೆಜ್ಜೆಯ ಸದ್ದಿನಿಂದ ಬಂದವರನ್ನು ಹೆಸರು ಹಿಡಿದು ಕರೆಯುವರು. ಕುರುಡನೆಂದರೆ ಹಾಡಬೇಕು ಎಂಬುದು ನಮ್ಮ ಜನರ ನಂಬಿಕೆ. ಹಾಡಿದವರೇನೋ ಮಹನೀಯರು: ಹುಟ್ಟುಕುರುಡರಾದ ಪಂಚಾಕ್ಷರ ಗವಾಯಿಗಳು ಗದಗಿನ ಆಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನವಿಟ್ಟು ಸಂಗೀತ ಕಲಿಸಿದರು, ೧೯೪೪ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ತಾವೂ ಕಣ್ಣಿಲ್ಲದವರಾಗಿದ್ದು, ೨೦೧೦ರವರೆಗೆ ಆ ಕಾರ್ಯವನ್ನು ನಡೆಸಿದರು. ಆದರೆ ನಮ್ಮ ಮಾವನಿಗೆ ಸ್ವರಜ್ಞಾನವೇ ಇರಲಿಲ್ಲ. ಅವರಿಗಿದ್ದದ್ದು ಲೆಕ್ಕದ ಬುದ್ಧಿ. ನಾನು ಗಟ್ಟಿಯಾಗಿ ಓದಿದ ಬಡ್ಡಿ ಲೆಕ್ಕಕ್ಕೆ ನಾನು ಬಳಪ ಎತ್ತುವ ಮೊದಲೇ ಉತ್ತರ ಹೇಳುವರು. ಲೆಕ್ಕ ದೊಡ್ಡದಾದರೆ ನಡುವೆ ಅಂಕೆಗಳು ಮನಸ್ಸಿನಿಂದ ಜಾರುತ್ತಿದ್ದವು. ಆಗ ಕಂಬಕ್ಕೆ ತಲೆಯನ್ನು ಚಚ್ಚಿಕೊಳ್ಳುವರು. ನನಗೆ ಎಂಟು ವರ್ಷವಾಗಿದ್ದಾಗ ಒಂದು ದಿನ, “ಅಕ್ಷರ ಹೇಗಿರುತ್ತದೋ, ಮರಿ?” ಎಂದು ಕೇಳಿದರು. ನಾನು ಅಂಗಳದ ಮರಳಿನಲ್ಲಿ ‘ಕ’ ಬರೆದು ಅವರ ಬೆರಳನ್ನು ಅದರ ಮೇಲಿಟ್ಟೆ. ಬೆರಳು ಆಡಿದೊಡನೆ ಅಕ್ಷರ ಅಳಿಸಿಹೋಯಿತು. ಮತ್ತೆ ಬರೆದೆ, ಮತ್ತೆ ಅಳಿಸಿತು. “ಹೋಗಲಿ ಬಿಡು” ಎಂದರು. ಹಾಗೆ ಮುಟ್ಟಿದರೆ ಅಳಿಯದ ಅಕ್ಷರ ಹದಿನೈದು ಮೈಲಿ ದೂರದಲ್ಲಿತ್ತು.

ಹೌದು, ಹದಿನೈದೇ ಮೈಲಿ. ಮೈಸೂರಿನಲ್ಲಿ ಕಿವುಡರಿಗೂ ಕುರುಡರಿಗೂ ಶಾಲೆಯೊಂದು ೧೯೦೧ರಲ್ಲಿಯೇ ಆರಂಭವಾಗಿತ್ತು. ನಂಜನಗೂಡಿನಿಂದ ಮೈಸೂರಿಗೆ ರೈಲಿತ್ತು. ಶಾಲೆಯ ಸುದ್ದಿ ನಮ್ಮ ತಾತನವರಿಗೆ ಗೊತ್ತಿತ್ತು; ಊರಿನ ಶಾಲೆಯ ಉಪಾಧ್ಯಾಯರು ಎರಡು ಸಲ ಬಂದು ಹೇಳಿದ್ದರಂತೆ. ‘ಕಣ್ಣಿಲ್ಲದ ಮಗುವನ್ನು ಪರರ ಊಟಕ್ಕೆ ಬಿಟ್ಟರೆಂದು ಜನ ಏನೆಂದಾರು? ನಮಗೆ ಅನ್ನಕ್ಕೆ ಗತಿಯಿಲ್ಲವೇ?’ ಎಂದು ಮನೆಯವರು ಒಪ್ಪಲಿಲ್ಲ. ತಾಯಿಯವರು ತಮ್ಮನಿಗೆ ಕೈತುತ್ತು ಹಾಕಿದರು. ಅವರು ಮದುವೆಯಾಗಿ ಹೋದ ಮೇಲೆ ಅಜ್ಜಿ ಹಾಕಿದರು. ೧೯೮೯ರಲ್ಲಿ ಕಾಮಾಲೆಯಿಂದ ಮಾವ ತೀರಿಕೊಂಡಾಗ ಅವರಿಗೆ ನಲವತ್ತೊಂದು ವರ್ಷ. ತಮ್ಮ ಅನ್ನವನ್ನು ತಾವೇ ಕಲಸಿಕೊಳ್ಳಲು ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ತಾಯಿಯವರು ನನ್ನನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದರು. ಕಡೆಯಲ್ಲಿ, “ನಾನು ಅವನಿಗೆ ಮಾಡಿದ್ದನ್ನೇ ನೀನು ನನಗೆ ಮಾಡುತ್ತಿದ್ದೆ ಕಣಪ್ಪ. ಅದಕ್ಕೇ ನಿನ್ನ ಮೇಲೆ ಕೋಪಿಸಿಕೊಳ್ಳಲು ನನಗೆ ಬಾಯಿರಲಿಲ್ಲ” ಎಂದರು.

ಬ್ಯಾಂಕಿನ ಪ್ರಸಂಗ ನಡೆದದ್ದು ಇದಾದ ಮೇಲೆ. ಇಲ್ಲದಿದ್ದರೆ ನಾನು ಅಲ್ಲಿಯೂ ಹಳೆಯ ದಾರಿಯನ್ನೇ ಹಿಡಿಯುತ್ತಿದ್ದೆ. ಪಿಂಚಣಿಯ ಖಾತೆ ತಾಯಿಯವರ ಹೆಸರಿನಲ್ಲಿತ್ತು. ಕಣ್ಣಿಲ್ಲದವರಿಗೆ ಚೆಕ್ ಪುಸ್ತಕವನ್ನೂ ಕಾರ್ಡನ್ನೂ ಕೊಡಲಾಗದು, ಹೆಬ್ಬೆಟ್ಟು ಒತ್ತಿ ಮಗನ ಹೆಸರನ್ನು ಸೇರಿಸಿ, ಎಂದು ಅಲ್ಲಿಯ ಗುಮಾಸ್ತರು ನನಗೆ ಹೇಳಿದರು. ನನಗೆ, ತಾಯಿಯವರಿಗಲ್ಲ. ಇಂಥ ಸೌಕರ್ಯಗಳನ್ನು ದೃಷ್ಟಿಹೀನರಿಗೆ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕು ೨೦೦೮ರಲ್ಲಿಯೇ ಎಲ್ಲ ಬ್ಯಾಂಕುಗಳಿಗೂ ತಿಳಿಸಿತ್ತು. ಮೇಷ್ಟ್ರು ಆ ಸುತ್ತೋಲೆಯನ್ನು ತೆಗೆಸಿ ಕೊಟ್ಟಿದ್ದರು. ನಾಲ್ಕು ಸಲ ಅಲೆದಾಡಿದ ಮೇಲೆ ಕೆಲಸವಾಯಿತು. ತಾಯಿಯವರು ರಟ್ಟಿನ ತುಂಡೊಂದನ್ನು ಗೆರೆಯ ಕೆಳಗಿಟ್ಟು, ಅದರ ಅಂಚನ್ನೇ ಆಧಾರ ಮಾಡಿಕೊಂಡು, ತಮ್ಮ ಹಳೆಯ ದುಂಡಗಿನ ಅಕ್ಷರದಲ್ಲಿ ರುಜು ಹಾಕಿದರು. ನೋಟುಗಳನ್ನು ಉದ್ದದಿಂದ ಗುರುತಿಸಲು ಕಲಿತು ಮುಗಿಸುವಷ್ಟರಲ್ಲಿ ೨೦೧೬ ಬಂತು. ಅಲ್ಲಿಂದ ಮುಂದೆ ಬಂದ ಹೊಸ ನೋಟುಗಳಲ್ಲಿ ನೂರು ೧೪೨ ಮಿಲಿಮೀಟರ್, ಇನ್ನೂರು ೧೪೬, ಐನೂರು ೧೫೦. ನಾಲ್ಕು ಮಿಲಿಮೀಟರಿನ ವ್ಯತ್ಯಾಸವನ್ನು ತರಕಾರಿಯವನ ಮುಂದೆ ಅಳೆಯುವುದು ಹೇಗೆ? ಅಂಚಿನ ಉಬ್ಬುಗೆರೆಗಳು ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಹೊಸ ನೋಟಿನಲ್ಲಿ ಸಿಕ್ಕುತ್ತವೆ, ಹತ್ತು ಕೈ ದಾಟಿದ ನೋಟಿನಲ್ಲಿ ಸವೆದಿರುತ್ತವೆ. ತಾಯಿಯವರು ನೂರನ್ನು ಒಂದು ಮಡಿಕೆ, ಐನೂರನ್ನು ಎರಡು ಮಡಿಕೆ ಮಡಚಿಟ್ಟುಕೊಳ್ಳುತ್ತಾರೆ.

ಈಗ ಅವರಿಗೆ ಎಂಬತ್ತು ದಾಟಿದೆ. ಬ್ರೈಲಿನಲ್ಲಿ ಪುಟವೊಂದಕ್ಕೆ ಅರ್ಧ ಗಂಟೆ ಬೇಕು. ಪುಸ್ತಕಗಳನ್ನು ಮೊಬೈಲಿನಿಂದ ಕೇಳುತ್ತಾರೆ, ಅಡಿಗೆಯ ಡಬ್ಬಿಗಳ ಮೇಲಿನ ಚೀಟಿಗಳನ್ನು ತಾವೇ ಚುಚ್ಚುತ್ತಾರೆ. ಕಳೆದ ವರ್ಷ ನಮ್ಮ ಊರಿನ ಕಡೆಯ ಬಂಧುಗಳೊಬ್ಬರು ಕಣ್ಣು ಮಂಜಾಗಿರುವ ಆರು ವರ್ಷದ ಮೊಮ್ಮಗಳನ್ನು ಕರೆತಂದಿದ್ದರು. ಇನ್ನೆರಡು ವರ್ಷ ಮನೆಯಲ್ಲಿಯೇ ಇರಲಿ, ಕೂಸು, ಎನ್ನುವುದು ಅವರ ಯೋಚನೆ. ಆರರಿಂದ ಹದಿನೆಂಟು ವರ್ಷದವರೆಗೆ ಇಂಥ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ, ಬೇಕೆಂದರೆ ವಿಶೇಷ ಶಾಲೆಯಲ್ಲಾಗಲಿ, ಉಚಿತವಾಗಿ ಓದುವ ಹಕ್ಕನ್ನು ೨೦೧೬ರ ಕಾನೂನು ಕೊಟ್ಟಿದೆಯೆಂದು ನಾನು ವಿವರಿಸುತ್ತಿದ್ದೆ. ತಾಯಿಯವರು ನನ್ನ ಮಾತಿನ ನಡುವೆಯೇ ಮಗುವನ್ನು ಕರೆದು, ಮುಂದೆ ತಟ್ಟೆಯನ್ನಿಟ್ಟು, ಅನ್ನದ ಮೇಲೆ ಸಾರು ಹಾಕಿ, “ನೀನೇ ಕಲಸಿಕೋ ಪುಟ್ಟಿ, ಚೆಲ್ಲಿದರೆ ಚೆಲ್ಲಲಿ” ಎಂದರು. ಚೆನ್ನಾಗಿಯೇ ಚೆಲ್ಲಿತು. ಮಗು ಈಗ ಶಾಲೆಗೆ ಹೋಗುತ್ತಿದೆ. ದಪ್ಪ ಅಕ್ಷರದ ಪುಸ್ತಕವನ್ನೂ ಚುಕ್ಕೆಗಳನ್ನೂ ಜೊತೆಯಾಗಿ ಕಲಿಯುತ್ತಿದೆಯಂತೆ.

ಈ ಲೇಖನವನ್ನು ಕಳುಹಿಸುವ ಮೊದಲು ತಾಯಿಯವರಿಗೆ ಓದಿ ಹೇಳಿದೆನು. ಬಾಣಲೆಯ ಸಂಗತಿಗೆ ಅವರು ಸುಮ್ಮನಿದ್ದರು. ಉಪ್ಪಿನ ಮರಿಗೆಯ ಮಾತಿಗೆ ನಕ್ಕರು. ಮಾವನು ಜಗಲಿಯ ಎಡಗಡೆ ಕುಳಿತಿರುತ್ತಿದ್ದರೆಂದು ನಾನು ಬರೆದಿದ್ದೆ. “ಎಡಗಡೆ ಅಲ್ಲ, ಬಲಗಡೆ. ಎಡಗಡೆ ಬೆಳಗಿನ ಬಿಸಿಲು ಬೀಳುತ್ತಿತ್ತು, ನಾನೇ ಅವನನ್ನು ಈಚೆಗೆ ಕೂರಿಸುತ್ತಿದ್ದೆ” ಎಂದರು. ಮೇಲೆ ತಿದ್ದಿದ್ದೇನೆ.